ಮರೆವನ್ನು ಅಳೆದ ಮಹನೀಯರು: ಹರ್ಮನ್ ಎಬ್ಬಿಂಗ್‌ಹೌಸ್



ಈ ಸಲದ ಗೋಡೆ ಪತ್ರಿಕೆಯಲ್ಲಿ ಮಹನೀಯರ ಪರಿಚಯ ಬರೆಯುವ ಸರದಿ ನನ್ನದು. ನ್ಯೂಟನ್, ಐನ್‌ಸ್ಟೈನ್, ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಎಲ್ಲರೂ ಬರೀತಾರೆ. ನಾನು ಮನಃಶಾಸ್ತ್ರದ ಒಬ್ಬ ವಿಜ್ಞಾನಿಯನ್ನು ಆರಿಸಿಕೊಂಡಿದ್ದೇನೆ. ಇವರ ಹೆಸರು ಹರ್ಮನ್ ಎಬ್ಬಿಂಗ್‌ಹೌಸ್. ಮನಃಶಾಸ್ತ್ರ ಓದಿದವರಿಗೆಲ್ಲ ಇವರ ಹೆಸರು ಗೊತ್ತು. ನಮಗೆ ಗೊತ್ತಿಲ್ಲದಿದ್ದರೂ ಇವರ ವಿಷಯ ಮಾತ್ರ ನಮ್ಮದೇ. ಓದಿದ್ದು ಎಷ್ಟು ಮರೆಯುತ್ತೆ, ಯಾಕೆ ಮರೆಯುತ್ತೆ ಎನ್ನುವುದೇ ಅದು.

ಓದಿದ್ದು ಮರೆತರೆ ನಮಗೆ ಸಿಗುವ ಕಾರಣಗಳಿಗೇನೂ ಬರ ಇಲ್ಲ. ದಡ್ಡ ಅನ್ನುತ್ತಾರೆ, ಗಮನ ಇಲ್ಲ ಅನ್ನುತ್ತಾರೆ, ಟಿ.ವಿ. ಜಾಸ್ತಿ ನೋಡ್ತಾನೆ ಅನ್ನುತ್ತಾರೆ. ಕೆಲವರ ಮನೆಯಲ್ಲಿ ಗ್ರಹಚಾರ ಸರಿ ಇಲ್ಲ ಅಂತಲೂ ಹೇಳುತ್ತಾರೆ. ಇವೆಲ್ಲವೂ ಒಂದೊಂದು ಸಿದ್ಧಾಂತವೇ ಅಲ್ವಾ? ಆದರೆ ಇವುಗಳಲ್ಲಿ ಯಾವುದನ್ನು ಯಾರು ಪರೀಕ್ಷೆ ಮಾಡಿ ನೋಡಿದ್ದಾರೆ? ಕಾರಣ ಹೇಳುವುದು ಸುಲಭ, ಹೇಳಿದ ಕಾರಣ ನಿಜವೇ ಎಂದು ನೋಡುವುದು ಕಷ್ಟ. ಎಬ್ಬಿಂಗ್‌ಹೌಸ್ ಅವರ ಜೀವನವೆಲ್ಲ ಈ ಕಷ್ಟದಲ್ಲೇ ಕಳೆಯಿತು. ಅದಕ್ಕೇ ಅವರ ಕಥೆ ನನಗೆ ಇಷ್ಟವಾಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಎಬ್ಬಿಂಗ್‌ಹೌಸ್ ಅವರು 1850ರ ಜನವರಿ 24ರಂದು ಬಾರ್ಮೆನ್ ಎಂಬ ಊರಿನಲ್ಲಿ ಹುಟ್ಟಿದರು. ಆ ಊರು ಈಗ ಜರ್ಮನಿಯ ವುಪರ್ಟಾಲ್ ನಗರಕ್ಕೆ ಸೇರಿಹೋಗಿದೆ. ತಂದೆ ಅನುಕೂಲಸ್ಥ ವ್ಯಾಪಾರಿ. 17ನೇ ವಯಸ್ಸಿಗೆ ಬಾನ್ ವಿಶ್ವವಿದ್ಯಾನಿಲಯ ಸೇರಿದರು. ಮೊದಲು ಓದಿದ್ದು ಇತಿಹಾಸ ಮತ್ತು ಭಾಷೆಗಳು. ಆಮೇಲೆ ಮನಸ್ಸು ತತ್ವಶಾಸ್ತ್ರದ ಕಡೆ ತಿರುಗಿತು. ಹಾಲೆ ಮತ್ತು ಬರ್ಲಿನ್ ನಗರಗಳಲ್ಲೂ ಓದಿದರು.

1870ರಲ್ಲಿ ಪ್ರಷ್ಯಾ ದೇಶಕ್ಕೂ ಫ್ರಾನ್ಸ್ ದೇಶಕ್ಕೂ ಯುದ್ಧ ಶುರುವಾಯಿತು. ಆಗ ಓದು ನಿಲ್ಲಿಸಿ ಪ್ರಷ್ಯಾದ ಸೈನ್ಯ ಸೇರಿದರು. ಯುದ್ಧ ಮುಗಿದ ಮೇಲೆ ಮತ್ತೆ ಪುಸ್ತಕ ಹಿಡಿದು 1873ರಲ್ಲಿ ಬಾನ್‌ನಿಂದ ಡಾಕ್ಟರೇಟ್ ಪದವಿ ಪಡೆದರು. ಆಮೇಲೆ ಕೆಲವು ವರ್ಷ ಇಂಗ್ಲೆಂಡ್, ಫ್ರಾನ್ಸ್ ದೇಶಗಳಲ್ಲಿ ಪಾಠ ಹೇಳಿಕೊಂಡು, ಸ್ವಂತವಾಗಿ ಓದಿಕೊಂಡು ಇದ್ದರು.

ಆ ಕಾಲದಲ್ಲೇ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ ಅವರಿಗೆ ಫೆಕ್ನರ್ ಎಂಬ ಜರ್ಮನ್ ವಿಜ್ಞಾನಿಯ ಪುಸ್ತಕ ಸಿಕ್ಕಿತು ಎಂದು ಹೇಳುತ್ತಾರೆ. ಅದು 1860ರಲ್ಲಿ ಅಚ್ಚಾದದ್ದು. ಅದರಲ್ಲಿ ಏನಿತ್ತು ಗೊತ್ತಾ? ನಮ್ಮ ಇಂದ್ರಿಯಗಳ ಅನುಭವವನ್ನು ಲೆಕ್ಕದಲ್ಲಿ ಹಿಡಿಯುವ ವಿಧಾನ. ಕೈಯಲ್ಲಿ ಒಂದು ನಿಂಬೆಹಣ್ಣು ಇದ್ದಾಗ ಇನ್ನೊಂದು ಇಟ್ಟರೆ ತಕ್ಷಣ ಗೊತ್ತಾಗುತ್ತೆ. ತಲೆ ಮೇಲೆ ಮೂಟೆ ಇರುವಾಗ ಅದರೊಳಕ್ಕೆ ಒಂದು ನಿಂಬೆಹಣ್ಣು ಹಾಕಿದರೆ ಗೊತ್ತೇ ಆಗೋಲ್ಲ. ಎಷ್ಟು ಭಾರಕ್ಕೆ ಎಷ್ಟು ಸೇರಿಸಿದರೆ ವ್ಯತ್ಯಾಸ ತಿಳಿಯುತ್ತೆ ಎನ್ನುವುದಕ್ಕೆ ಒಂದು ನಿಯಮ ಇದೆ ಎಂದು ಫೆಕ್ನರ್ ತೋರಿಸಿದ್ದರು.

ಎಬ್ಬಿಂಗ್‌ಹೌಸ್ ಅವರಿಗೆ ಅಲ್ಲೇ ಹೊಳೆಯಿತು. ಭಾರ, ಬೆಳಕು ಇವುಗಳ ಅನುಭವವನ್ನು ಅಳೆಯಬಹುದಾದರೆ ನೆನಪನ್ನು ಯಾಕೆ ಅಳೆಯಬಾರದು? ಆಗಿನ ದೊಡ್ಡ ದೊಡ್ಡ ಪಂಡಿತರೇ ಇದು ಆಗದ ಕೆಲಸ ಎಂದು ತಿಳಿದಿದ್ದರು. ಮನಸ್ಸಿಗೆ ಗಣಿತ ಹೊಂದೋಲ್ಲ, ಆದ್ದರಿಂದ ಮನಃಶಾಸ್ತ್ರ ನಿಜವಾದ ವಿಜ್ಞಾನ ಆಗಲಾರದು ಎಂದು ತತ್ವಜ್ಞಾನಿ ಕಾಂಟ್ 18ನೇ ಶತಮಾನದಲ್ಲೇ ಹೇಳಿಬಿಟ್ಟಿದ್ದರು.

ಪ್ರಯೋಗಾಲಯವೂ ತಾನೇ, ಪ್ರಯೋಗದ ಪ್ರಾಣಿಯೂ ತಾನೇ

ಎಬ್ಬಿಂಗ್‌ಹೌಸ್ ಅವರಿಗೆ ಆಗ ಪ್ರಯೋಗಾಲಯ ಇರಲಿಲ್ಲ, ಶಿಷ್ಯರೂ ಇರಲಿಲ್ಲ. ತಮ್ಮ ಮೇಲೆ ತಾವೇ ಪ್ರಯೋಗ ಮಾಡಿಕೊಂಡರು. 1879ರಿಂದ 1880ರವರೆಗೆ ಒಂದು ಸಲ, 1883 ಮತ್ತು 1884ರಲ್ಲಿ ಇನ್ನೊಂದು ಸಲ.

ಮೊದಲನೇ ತೊಂದರೆ ಏನೆಂದರೆ, ಏನನ್ನು ಬಾಯಿಪಾಠ ಮಾಡುವುದು? ಪದ್ಯ ತೆಗೆದುಕೊಂಡರೆ ಒಂದು ಸಾಲು ಇಷ್ಟವಾಗುತ್ತೆ, ಇನ್ನೊಂದು ಆಗೋಲ್ಲ. ಒಂದು ಪದ ಹಳೇ ನೆನಪು ತರುತ್ತೆ, ಇನ್ನೊಂದು ತರೋಲ್ಲ. ಹೀಗಾದರೆ ಅಳತೆ ಸಮ ಇರೋಲ್ಲ. ಅದಕ್ಕೆ ಅವರು ಅರ್ಥವೇ ಇಲ್ಲದ ಪುಟ್ಟ ಪುಟ್ಟ ಉಚ್ಚಾರಗಳನ್ನು ಮಾಡಿದರು. ನಮ್ಮ ಲಿಪಿಯಲ್ಲಿ ಹೇಳುವುದಾದರೆ ಲುಪ್, ಝೋಕ್, ಮೈಶ್ ಈ ತರಹದವು. ಇಂಥವು ಸುಮಾರು 2300 ಆದವು. ಅವುಗಳಿಂದ ಚೀಟಿ ಎತ್ತಿದ ಹಾಗೆ ಆರಿಸಿ ಪಟ್ಟಿ ಮಾಡುತ್ತಿದ್ದರು. ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ, ನಿಮಿಷಕ್ಕೆ 150ರ ವೇಗದಲ್ಲಿ ಒಂದೇ ಸಮನೆ ಓದುತ್ತಿದ್ದರು. ಪಟ್ಟಿ ತಪ್ಪಿಲ್ಲದೆ ಬಾಯಿಗೆ ಬರುವವರೆಗೂ ಬಿಡುತ್ತಿರಲಿಲ್ಲ. ಎಷ್ಟು ಸಮಯ ಹಿಡಿಯಿತು ಎಂದು ಬರೆದಿಡುತ್ತಿದ್ದರು.

ಇನ್ನು ನೆನಪನ್ನು ಅಳೆಯುವುದು ಹೇಗೆ? ಇಲ್ಲೇ ಅವರ ಜಾಣ್ಮೆ ಇರುವುದು. ಒಂದು ಪಟ್ಟಿ ಕಲಿಯಲು ಮೊದಲ ಸಲ 1000 ಸೆಕೆಂಡ್ ಬೇಕಾಯಿತು ಅಂತ ಇಟ್ಟುಕೊಳ್ಳೋಣ. ಕೆಲವು ದಿನದ ಮೇಲೆ ಅದನ್ನೇ ಮತ್ತೆ ಕಲಿಯಲು 600 ಸೆಕೆಂಡ್ ಸಾಕಾಯಿತು. 400 ಸೆಕೆಂಡ್ ಉಳಿಯಿತು. ಅಂದರೆ ಶೇಕಡ 40ರಷ್ಟು ಉಳಿತಾಯ. ಬಾಯಲ್ಲಿ ಒಂದೂ ಬರದೆ ಪೂರಾ ಮರೆತ ಹಾಗೆ ಕಂಡರೂ ಒಳಗೆ ಏನೋ ಉಳಿದಿತ್ತು ಎಂದು ಈ ಲೆಕ್ಕ ತೋರಿಸುತ್ತೆ.

13 ಉಚ್ಚಾರಗಳ ಎಂಟೆಂಟು ಪಟ್ಟಿಗಳನ್ನು ಕಲಿತು, ಬೇರೆ ಬೇರೆ ಸಮಯ ಬಿಟ್ಟು ಮತ್ತೆ ಕಲಿತರು. ಅವರಿಗೆ ಸಿಕ್ಕ ಉಳಿತಾಯ ಹೀಗಿದೆ:

ಸುಮಾರು 20 ನಿಮಿಷದ ಮೇಲೆ – ಶೇಕಡ 58
ಸುಮಾರು 1 ಗಂಟೆಯ ಮೇಲೆ – ಶೇಕಡ 44
ಸುಮಾರು 9 ಗಂಟೆಯ ಮೇಲೆ – ಶೇಕಡ 36
1 ದಿನದ ಮೇಲೆ – ಶೇಕಡ 34
2 ದಿನದ ಮೇಲೆ – ಶೇಕಡ 28
6 ದಿನದ ಮೇಲೆ – ಶೇಕಡ 25
31 ದಿನದ ಮೇಲೆ – ಶೇಕಡ 21

(ಈ ಪಟ್ಟಿಯನ್ನು ದಯವಿಟ್ಟು ಇನ್ನೊಂದು ಸಲ ನೋಡಿ ಮುಂದೆ ಹೋಗಿ. ಇದರೊಳಗೆ ಒಂದು ಗುಟ್ಟು ಇದೆ. ಆಮೇಲೆ ಹೇಳ್ತೇನೆ.)

ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಹೋಗುತ್ತೆ. ಆಮೇಲೆ ಹೋಗುವುದು ನಿಧಾನ. ಒಂದು ತಿಂಗಳಾದರೂ ಐದನೇ ಒಂದು ಭಾಗ ಉಳಿದಿರುತ್ತೆ. ಇದನ್ನೇ ಗ್ರಾಫ್ ಕಾಗದದ ಮೇಲೆ ಎಳೆದರೆ ಬರುವ ಗೆರೆಗೆ ಮರೆವಿನ ರೇಖೆ ಎಂದು ಹೆಸರು.

ನಮಗೆ ಉಪಯೋಗಕ್ಕೆ ಬರುವ ಇನ್ನೂ ಎರಡು ಸಂಗತಿ ಕಂಡುಹಿಡಿದರು. ಮೊದಲನೆಯದು ಅರ್ಥದ ಬಲ. ಬೈರನ್ ಕವಿಯ ಡಾನ್ ಜುವಾನ್ ಕಾವ್ಯದ ಪದ್ಯಗಳನ್ನು ಕಲಿತು ನೋಡಿದರು. ಅರ್ಥ ಇರುವ ಪದ್ಯ ಕಲಿಯಲು, ಅಷ್ಟೇ ಉದ್ದದ ಅರ್ಥ ಇಲ್ಲದ ಪಟ್ಟಿಗೆ ಬೇಕಾಗುವ ಶ್ರಮದ ಸುಮಾರು ಹತ್ತರಲ್ಲಿ ಒಂದು ಭಾಗ ಸಾಕಾಯಿತು. ಎರಡನೆಯದು ಹಂಚಿ ಓದುವುದು. 12 ಉಚ್ಚಾರಗಳ ಪಟ್ಟಿಯನ್ನು ಒಂದೇ ದಿನ 68 ಸಲ ಓದಿದರೆ ಮಾರನೇ ದಿನ ಎಷ್ಟು ಲಾಭವೋ, ಮೂರು ದಿನಕ್ಕೆ ಹಂಚಿ 38 ಸಲ ಓದಿದರೂ ಅಷ್ಟೇ ಲಾಭ. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವವರು ಈ ಲೆಕ್ಕವನ್ನು ಗಮನಿಸಬೇಕು!

ಸಿದ್ಧಾಂತವನ್ನು ಪರೀಕ್ಷೆಗೆ ಕೂರಿಸಿದ್ದು

ಎಬ್ಬಿಂಗ್‌ಹೌಸ್ ಅವರು ಬರೀ ಅಂಕಿ ಕೂಡಿಸಿದವರು ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ ಎಂದು ನನಗೆ ಅನ್ನಿಸುತ್ತೆ. ಒಂದು ಉದಾಹರಣೆ ಹೇಳ್ತೇನೆ.

ನೆನಪು ಒಂದು ಸರಪಣಿಯ ಹಾಗೆ, ಪಕ್ಕಪಕ್ಕದ ಕೊಂಡಿಗಳು ಮಾತ್ರ ಒಂದಕ್ಕೊಂದು ಸೇರಿರುತ್ತವೆ ಎಂಬುದು ಒಂದು ಹಳೇ ಸಿದ್ಧಾಂತ. ಹರ್ಬಾರ್ಟ್ ಎಂಬ ಇನ್ನೊಬ್ಬ ತತ್ವಜ್ಞಾನಿಯ ಲೆಕ್ಕದ ಪ್ರಕಾರ ದೂರದ ಕೊಂಡಿಗಳಿಗೂ ನಂಟು ಇರಬೇಕು, ದೂರ ಹೆಚ್ಚಾದಷ್ಟೂ ನಂಟು ಸಡಿಲ ಆಗಬೇಕು. ಹರ್ಬಾರ್ಟ್ ಇದನ್ನು ಪ್ರಯೋಗ ಮಾಡದೆ ಬರೀ ಯೋಚನೆಯಿಂದ ಹೇಳಿದ್ದರು. ಎರಡರಲ್ಲಿ ಯಾವುದು ಸರಿ?

ಎಬ್ಬಿಂಗ್‌ಹೌಸ್ 16 ಉಚ್ಚಾರಗಳ ಪಟ್ಟಿ ಕಲಿತರು. ಮಾರನೇ ದಿನ ಅವನ್ನೇ ಒಂದು ಬಿಟ್ಟು ಒಂದರಂತೆ, ಅಂದರೆ 1, 3, 5, 7 ಹೀಗೆ ಜೋಡಿಸಿ ಹೊಸ ಪಟ್ಟಿ ಮಾಡಿ ಕಲಿತರು. ಪಕ್ಕದ ಕೊಂಡಿಗೆ ಮಾತ್ರ ನಂಟಿದ್ದರೆ ಇಲ್ಲಿ ಲಾಭವೇ ಬರಬಾರದು. ಆದರೆ ಬಂತು. ಅದೇ ಕ್ರಮದಲ್ಲಿ ಮತ್ತೆ ಕಲಿತಾಗ ಉಳಿತಾಯ ಶೇಕಡ 33, ಒಂದು ಬಿಟ್ಟಾಗ 11, ಎರಡು ಬಿಟ್ಟಾಗ 7, ಮೂರು ಬಿಟ್ಟಾಗ 6, ಏಳು ಬಿಟ್ಟಾಗ 3. ಚೀಟಿ ಎತ್ತಿದ ಹಾಗೆ ಕಲಸಿಬಿಟ್ಟಾಗ ಲಾಭ ಇಲ್ಲವೆನ್ನುವಷ್ಟು ಕಡಿಮೆ. ದೂರದ ನಂಟೂ ಇದೆ, ದೂರಕ್ಕೆ ತಕ್ಕ ಹಾಗೆ ಅದು ಕಡಿಮೆಯೂ ಆಗುತ್ತೆ.

ಯೋಚಿಸಿ ನೋಡಿ ಗೆಳೆಯರೇ. ಆ ಸಿದ್ಧಾಂತಗಳು ಇಲ್ಲದೇ ಇದ್ದಿದ್ದರೆ ಒಂದು ಬಿಟ್ಟು ಒಂದು ಕಲಿಯಬೇಕು ಎಂದು ಯಾರಿಗಾದರೂ ಹೊಳೆಯುತ್ತಿತ್ತಾ? ಸಿದ್ಧಾಂತ ಎಂದರೆ ಏನನ್ನು ಹುಡುಕಬೇಕು ಎಂದು ಹೇಳುವ ಕೈದೀಪ. ಆದರೆ ದೀಪ ಹಿಡಿದ ಮಾತ್ರಕ್ಕೆ ಕಳೆದ ವಸ್ತು ಸಿಕ್ಕಂತಲ್ಲ. ಬಗ್ಗಿ ಹುಡುಕಲೇಬೇಕು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದು

ಈ ಎಲ್ಲ ಪ್ರಯೋಗಗಳನ್ನು ಸೇರಿಸಿ 1885ರಲ್ಲಿ ನೆನಪಿನ ಮೇಲೆ ಒಂದು ಪುಸ್ತಕ ಬರೆದರು. ಮರೆವು ಯಾಕೆ ಆಗುತ್ತೆ ಎನ್ನುವುದಕ್ಕೆ ಆಗ ಇದ್ದ ಕಾರಣಗಳನ್ನೂ ಅದರಲ್ಲಿ ಚರ್ಚಿಸಿದರು. ಹಳೇ ನೆನಪಿನ ಮೇಲೆ ಹೊಸ ನೆನಪು ಬಂದು ಮುಚ್ಚಿಬಿಡುತ್ತೆ ಎಂಬುದು ಒಂದು. ನೆನಪು ಬಣ್ಣದ ಹಾಗೆ ತಾನಾಗಿಯೇ ಮಾಸುತ್ತೆ ಎಂಬುದು ಇನ್ನೊಂದು. ಹಳೇ ಗೋಡೆಯ ಹಾಗೆ ಚೂರು ಚೂರಾಗಿ ಉದುರುತ್ತೆ ಎಂಬುದು ಮೂರನೆಯದು. ಕೇಳಲು ಮೂರೂ ಚೆಂದ. ಆದರೆ ತಮ್ಮ ಅಂಕಿಗಳಿಂದ ಇವುಗಳಲ್ಲಿ ಒಂದನ್ನು ಆರಿಸಲು ಆಗುವುದಿಲ್ಲ ಎಂದು ತಿಳಿದು ಯಾವುದಕ್ಕೂ ತೀರ್ಪು ಕೊಡಲಿಲ್ಲ. ಮರೆವಿನ ರೇಖೆಗೆ ಒಂದು ಗಣಿತದ ಸೂತ್ರ ಬರೆದರು. ಅದೂ ತಮಗೆ ಸಿಕ್ಕ ಅಂಕಿಗಳ ವರ್ಣನೆ ಅಷ್ಟೇ ಎಂದು ಎಚ್ಚರಿಕೆ ಕೊಟ್ಟರು. ಸೂತ್ರ ಬರೆದ ಕೂಡಲೇ ಕಾರಣ ಸಿಕ್ಕಿತು ಎಂದು ಬೀಗಲಿಲ್ಲ.

ಈಗ ಗುಟ್ಟು ಹೇಳ್ತೇನೆ. ಮೇಲಿನ ಪಟ್ಟಿ ನೋಡಿ. 9 ಗಂಟೆಯಿಂದ 1 ದಿನಕ್ಕೆ, ಅಂದರೆ 15 ಗಂಟೆಯಲ್ಲಿ, ಇಳಿದದ್ದು ಬರೀ 2. ಆದರೆ 1 ದಿನದಿಂದ 2 ದಿನಕ್ಕೆ, ಅಂದರೆ ಮುಂದಿನ 24 ಗಂಟೆಯಲ್ಲಿ, 6 ಇಳಿದಿದೆ. ಮರೆವು ದಿನ ಕಳೆದ ಹಾಗೆ ನಿಧಾನ ಆಗಬೇಕಿತ್ತು, ಇಲ್ಲಿ ಮಧ್ಯೆ ಜೋರಾಗಿದೆ! ಎಬ್ಬಿಂಗ್‌ಹೌಸ್ ಇದನ್ನು ಗಮನಿಸಿದ್ದರು. ಆ 15 ಗಂಟೆಯಲ್ಲಿ ಬಹಳ ಪಾಲು ರಾತ್ರಿ ಮತ್ತು ನಿದ್ದೆ ಎಂಬುದನ್ನೂ ಯೋಚಿಸಿದ್ದರು. ಆದರೆ ನಿದ್ದೆಯಿಂದ ಇಷ್ಟು ವ್ಯತ್ಯಾಸ ಆಗಲಾರದು, ಯಾವುದೋ ಒಂದು ಅಂಕಿ ಆಕಸ್ಮಿಕವಾಗಿ ಹೆಚ್ಚು ಕಡಿಮೆ ಆಗಿರಬೇಕು ಎಂದು ತಿಳಿದು ಬಿಟ್ಟುಬಿಟ್ಟರು.

39 ವರ್ಷ ಕಳೆಯಿತು. 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜೆಂಕಿನ್ಸ್ ಮತ್ತು ಡಲೆನ್‌ಬಾಕ್ ಎಂಬುವರು ಇಬ್ಬರು ವಿದ್ಯಾರ್ಥಿಗಳಿಗೆ ಇಂಥದೇ ಪಟ್ಟಿ ಕಲಿಸಿದರು. ಕೆಲವು ಸಲ ಕಲಿತ ಕೂಡಲೇ ಮಲಗಿಸಿದರು, ಕೆಲವು ಸಲ ಎಚ್ಚರವಾಗಿ ಓಡಾಡಲು ಬಿಟ್ಟರು. ಅಷ್ಟೇ ಗಂಟೆಗಳಲ್ಲಿ ಮಲಗಿದ್ದಾಗ ಮರೆತದ್ದು ಕಡಿಮೆ, ಎಚ್ಚರ ಇದ್ದಾಗ ಮರೆತದ್ದು ಹೆಚ್ಚು. ಬರೀ ಕಾಲ ಕಳೆಯುವುದರಿಂದ ನೆನಪು ಮಾಸುವುದಾದರೆ ಎರಡೂ ಒಂದೇ ಇರಬೇಕಿತ್ತು ಅಲ್ವಾ? ಆದ್ದರಿಂದ ಹಗಲಿನ ಹೊಸ ಹೊಸ ಸಂಗತಿಗಳು ಬಂದು ಅಡ್ಡಿ ಮಾಡುವುದೇ ಮರೆವಿಗೆ ದೊಡ್ಡ ಕಾರಣ ಎಂದು ಅವರು ವಾದಿಸಿದರು. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಮುರ್ರೆ ಮತ್ತು ಡ್ರೋಸ್ ಎಂಬುವರು ಎಬ್ಬಿಂಗ್‌ಹೌಸ್ ಅವರ ಪ್ರಯೋಗವನ್ನು ಹಾಗೆಯೇ ಮತ್ತೆ ಮಾಡಿದರು. ರೇಖೆ ಹೆಚ್ಚುಕಡಿಮೆ ಅದೇ ಬಂತು. ಒಂದು ದಿನದ ಜಾಗದಲ್ಲಿ ರೇಖೆ ಸ್ವಲ್ಪ ಮೇಲೆ ಏಳುವುದೂ ಕಂಡಿತು. ನಿದ್ದೆ ಹೊಸದು ಬರದಂತೆ ತಡೆಯುವುದರಿಂದ ಹೀಗಾಗುತ್ತದೆಯೋ, ಅಥವಾ ನಿದ್ದೆಯಲ್ಲಿ ನೆನಪೇ ಗಟ್ಟಿಯಾಗುತ್ತದೆಯೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ.

ನನಗೆ ಆಶ್ಚರ್ಯ ಆದದ್ದು ಇದೇ. ಸುಳಿವು 1885ರ ಪಟ್ಟಿಯಲ್ಲೇ ಇತ್ತು. ಸರಿಯಾದ ಕಾರಣ ಕೈಯಲ್ಲಿ ಇಲ್ಲದಿದ್ದಾಗ ಅದು ಆಕಸ್ಮಿಕದ ಹಾಗೆ ಕಂಡಿತು. ಕಾರಣ ಸಿಕ್ಕ ಮೇಲೆ ಅದೇ ಅಂಕಿ ಮಾತಾಡಲು ಶುರು ಮಾಡಿತು. ಅಂಕಿಗೆ ಬಾಯಿ ಕೊಡುವುದು ಸಿದ್ಧಾಂತ. ಎಬ್ಬಿಂಗ್‌ಹೌಸ್ ಅವರು ತಮಗೆ ಒಪ್ಪಿಗೆಯಾಗದ ಆ ಅಂಕಿಯನ್ನು ಅಳಿಸದೆ, ತಿದ್ದದೆ ಹಾಗೇ ಅಚ್ಚು ಹಾಕಿಸಿದ್ದರಿಂದಲೇ ನಂತರದವರಿಗೆ ಅದು ಸಿಕ್ಕಿತು. ಇದು ದೊಡ್ಡ ಗುಣ.

ಒಂದು ದೊಡ್ಡ ವಾದ

1886ರಲ್ಲಿ ಎಬ್ಬಿಂಗ್‌ಹೌಸ್ ಬರ್ಲಿನ್‌ನಲ್ಲಿ ಪ್ರಾಧ್ಯಾಪಕರಾದರು. 1890ರಲ್ಲಿ ಆರ್ಥರ್ ಕೋನಿಗ್ ಎಂಬುವರ ಜೊತೆ ಸೇರಿ ಮನಃಶಾಸ್ತ್ರದ ಒಂದು ಪತ್ರಿಕೆ ಶುರು ಮಾಡಿದರು. ಆದರೆ 1894ರಲ್ಲಿ ಬರ್ಲಿನ್‌ನ ಮುಖ್ಯ ಪ್ರಾಧ್ಯಾಪಕ ಹುದ್ದೆ ಕಾರ್ಲ್ ಸ್ಟುಂಫ್ ಅವರಿಗೆ ಸಿಕ್ಕಿತು. ಎಬ್ಬಿಂಗ್‌ಹೌಸ್ ಬ್ರೆಸ್ಲಾವ್ ನಗರಕ್ಕೆ ಹೋದರು. ಆ ನಗರ ಈಗ ಪೋಲೆಂಡ್ ದೇಶದಲ್ಲಿದೆ.

ಅದೇ 1894ರಲ್ಲಿ ಬರ್ಲಿನ್‌ನ ಹಿರಿಯ ತತ್ವಜ್ಞಾನಿ ಡಿಲ್ಟೈ ಅವರು ಮನಃಶಾಸ್ತ್ರಜ್ಞರ ಮೇಲೆ ಒಂದು ಆಕ್ಷೇಪ ಎತ್ತಿದರು. ಕಲ್ಲು, ನೀರು, ಗ್ರಹಗಳನ್ನು ನಾವು ಹೊರಗಿನಿಂದ ನೋಡುತ್ತೇವೆ, ಅವುಗಳ ಸಂಬಂಧವನ್ನು ಊಹೆ ಮಾಡಿ ಜೋಡಿಸಬೇಕು. ಮನಸ್ಸು ಹಾಗಲ್ಲ, ಅದನ್ನು ಒಳಗಿನಿಂದಲೇ ಬದುಕುತ್ತೇವೆ, ಅದರ ಸಂಬಂಧಗಳು ನೇರವಾಗಿ ಅನುಭವಕ್ಕೆ ಬರುತ್ತವೆ. ಆದ್ದರಿಂದ ಮನಃಶಾಸ್ತ್ರ ಕಾರಣದ ಊಹೆಗಳನ್ನು ಕಟ್ಟುವುದು ಬಿಟ್ಟು, ಮನಸ್ಸನ್ನು ಚೆನ್ನಾಗಿ ವರ್ಣಿಸಿ ಬಿಡಿಸಿ ತೋರಿಸಬೇಕು ಎನ್ನುವುದು ಅವರ ಅಭಿಪ್ರಾಯ.

ಎಬ್ಬಿಂಗ್‌ಹೌಸ್ ಸುಮ್ಮನಿರಲಿಲ್ಲ. ತಮ್ಮ ಪತ್ರಿಕೆಯಲ್ಲೇ ಉದ್ದವಾದ ಉತ್ತರ ಬರೆದರು. ಡಿಲ್ಟೈ ಟೀಕಿಸುತ್ತಿರುವುದು ಹರ್ಬಾರ್ಟ್ ಕಾಲದ ಹಳೇ ಮನಃಶಾಸ್ತ್ರವನ್ನು, ಈಗಿನವರು ಊಹೆಯನ್ನು ಪರೀಕ್ಷೆ ಮಾಡುತ್ತಾರೆ ಎಂದರು. ಇನ್ನೊಂದು ಮಾತೂ ಹೇಳಿದರು. ಮನಸ್ಸಿನ ಸಂಬಂಧವೆಲ್ಲ ನೇರವಾಗಿ ಅನುಭವಕ್ಕೆ ಬರುತ್ತೆ ಎನ್ನುವುದು ನಿಜವಲ್ಲ. ಮಧ್ಯೆ ಎಷ್ಟೋ ಜಾಗ ಖಾಲಿ ಇರುತ್ತೆ, ಅದನ್ನು ಎಲ್ಲರೂ ಊಹೆಯಿಂದಲೇ ತುಂಬಬೇಕು, ಡಿಲ್ಟೈ ಅವರೂ ಸೇರಿ. ಊಹೆಯೇ ಬೇಡ ಎನ್ನುವವನು ತನ್ನ ಊಹೆಯನ್ನು ಪರೀಕ್ಷೆಯಿಂದ ತಪ್ಪಿಸಿಕೊಂಡ ಹಾಗೆ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಡಿಲ್ಟೈ ಅವರ ಕಡೆಯೂ ನ್ಯಾಯ ಇರಲಿಲ್ಲ ಎಂದಲ್ಲ. ಅಳತೆ ಸಮ ಇರಲಿ ಎಂದು ಎಬ್ಬಿಂಗ್‌ಹೌಸ್ ಅರ್ಥವನ್ನೇ ತೆಗೆದುಹಾಕಿದ್ದರು. ಆದರೆ ಮನುಷ್ಯರು ನೆನಪಿಟ್ಟುಕೊಳ್ಳುವುದು ಹೆಚ್ಚಾಗಿ ಅರ್ಥ ಇರುವುದನ್ನೇ. 1932ರಲ್ಲಿ ಇಂಗ್ಲೆಂಡಿನ ಬಾರ್ಟ್ಲೆಟ್ ಎಂಬುವರು ಈ ಲೋಪವನ್ನು ಎತ್ತಿ ತೋರಿಸಿದರು. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟು ಆಮೇಲೆ ಕೇಳಿದಾಗ, ಅವರು ಪರಿಚಯ ಇಲ್ಲದ ಭಾಗಗಳನ್ನು ಬಿಟ್ಟು, ತಮಗೆ ಪರಿಚಯ ಇರುವ ಹಾಗೆ ಬದಲಾಯಿಸಿ ಹೇಳಿದರು. ನೆನಪು ಎಂದರೆ ಬರೀ ಉಳಿತಾಯ ಅಲ್ಲ, ಮತ್ತೆ ಕಟ್ಟುವುದೂ ಹೌದು ಎಂದು ಗೊತ್ತಾಯಿತು. ಆದರೆ ಬಾರ್ಟ್ಲೆಟ್ ಕೂಡ ಅದನ್ನು ತೋರಿಸಿದ್ದು ಪ್ರಯೋಗ ಮಾಡಿಯೇ.

ಬಿಟ್ಟ ಸ್ಥಳ ತುಂಬಿರಿ

ಬ್ರೆಸ್ಲಾವ್‌ನಲ್ಲಿ ಶಾಲೆಯ ಮಕ್ಕಳಿಗೆ ಬೆಳಗ್ಗೆಯಿಂದ ಒಂದೇ ಸಮನೆ ಐದು ಗಂಟೆ ಪಾಠ ನಡೆಯುತ್ತಿತ್ತು. ಇದರಿಂದ ಮಕ್ಕಳು ದಣಿಯುತ್ತಾರೆಯೇ ಎಂದು ತಿಳಿಯಬೇಕಿತ್ತು. ಎಬ್ಬಿಂಗ್‌ಹೌಸ್ ಮಕ್ಕಳಿಗೆ ಮೂರು ತರಹದ ಪರೀಕ್ಷೆ ಕೊಟ್ಟರು: ಬೇಗ ಬೇಗ ಲೆಕ್ಕ ಮಾಡುವುದು, ಅಂಕಿಗಳನ್ನು ನೆನಪಿಟ್ಟು ಹೇಳುವುದು, ಮತ್ತು ಗದ್ಯದಲ್ಲಿ ಅಲ್ಲಲ್ಲಿ ಅಕ್ಷರ ಪದಗಳನ್ನು ಬಿಟ್ಟು ಅವನ್ನು ತುಂಬಿಸುವುದು. 1897ರಲ್ಲಿ ಇದನ್ನು ಪ್ರಕಟಿಸಿದರು. ಚೆನ್ನಾಗಿ ಓದುವವರಿಗೂ ಹಿಂದುಳಿದವರಿಗೂ ಇರುವ ವ್ಯತ್ಯಾಸ ಮೂರನೇ ಪರೀಕ್ಷೆಯಲ್ಲೇ ಚೆನ್ನಾಗಿ ಕಂಡಿತು. ಬರೀ ನೆನಪಿನ ಪರೀಕ್ಷೆಯಲ್ಲಿ ಹಾಗೆ ಕಾಣಲಿಲ್ಲ. ನೆನಪನ್ನು ಅಳೆದವರೇ ಬುದ್ಧಿ ಎಂದರೆ ಬರೀ ನೆನಪಲ್ಲ, ತುಂಡುಗಳನ್ನು ಸೇರಿಸಿ ಅರ್ಥ ಮಾಡುವುದು ಎಂದು ತೋರಿಸಿದರು! ಮುಂದೆ ಫ್ರಾನ್ಸಿನ ಬಿನೆ ಅವರು ತಮ್ಮ ಬುದ್ಧಿಪರೀಕ್ಷೆಯಲ್ಲಿ ಇದನ್ನು ಬಳಸಿಕೊಂಡರು. ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬಿರಿ ಎಂದು ನೋಡಿದಾಗ ಇವರನ್ನು ನೆನೆಯಬಹುದು.

1905ರಲ್ಲಿ ಹಾಲೆ ನಗರಕ್ಕೆ ಹೋದರು. 1909ರ ಫೆಬ್ರವರಿ 26ರಂದು ನ್ಯುಮೋನಿಯಾ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 59 ವರ್ಷ.

ನಾವು ಕಲಿಯಬೇಕಾದದ್ದು

ಹಂಚಿ ಓದಬೇಕು, ಅರ್ಥ ಮಾಡಿಕೊಂಡು ಓದಬೇಕು, ನಿದ್ದೆ ಕೆಡಿಸಬಾರದು. ಇದು ನಮಗೆ ನೇರವಾಗಿ ಸಿಗುವ ಪಾಠ. ಆದರೆ ಅದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ.

ಯಾರಾದರೂ ಮರೆತರೆ ಅವನು ದಡ್ಡ ಎಂದುಬಿಡುವುದು ಕಾರಣ ಹೇಳಿದ ಹಾಗೆ ಕಾಣುತ್ತೆ. ನಿಜವಾಗಿ ಅದು ಕಾರಣವೇ ಅಲ್ಲ. ಯಾಕೆ ಮರೆತ? ದಡ್ಡ, ಅದಕ್ಕೆ. ದಡ್ಡ ಅಂತ ಹೇಗೆ ಗೊತ್ತು? ಮರೆತ, ಅದಕ್ಕೆ. ಗಾಣದ ಎತ್ತಿನ ಹಾಗೆ ಸುತ್ತಿದಲ್ಲೇ ಸುತ್ತಿದಂತಾಯಿತು. ನಿಜವಾದ ಕಾರಣ ಆದರೆ ಅದು ಹೀಗೆ ಮಾಡಿ ನೋಡು, ಹೀಗಾಗಬೇಕು, ಆಗದಿದ್ದರೆ ನನ್ನನ್ನು ಬಿಟ್ಟುಬಿಡು ಎನ್ನುವ ಧೈರ್ಯ ತೋರಿಸಬೇಕು. ಹಗಲಿನ ಗದ್ದಲ ಮರೆಸುತ್ತೆ ಎಂಬ ಸಿದ್ಧಾಂತ ಆ ಧೈರ್ಯ ತೋರಿಸಿತು, ಮಲಗಿಸಿ ನೋಡಿದರು, ಗೆದ್ದಿತು. ಗ್ರಹಚಾರ ಎಂಬ ಕಾರಣ ಯಾವ ಪರೀಕ್ಷೆಗೂ ಬಂದು ಕೂರುವುದಿಲ್ಲ.

ಆದ್ದರಿಂದ ಗೆಳೆಯರೇ, ನಿಮ್ಮನ್ನು ಅಥವಾ ನಿಮ್ಮ ತಮ್ಮ ತಂಗಿಯರನ್ನು ಯಾರಾದರೂ ದಡ್ಡರು ಎಂದರೆ ಬೇಜಾರು ಮಾಡಿಕೊಂಡು ಕೂರಬೇಡಿ. 12 ಅರ್ಥವಿಲ್ಲದ ಉಚ್ಚಾರಗಳನ್ನು ಬರೆದು, ಒಂದು ಪಟ್ಟಿ ಒಂದೇ ದಿನ, ಇನ್ನೊಂದು ಪಟ್ಟಿ ಮೂರು ದಿನ ಹಂಚಿ ಓದಿ ನೋಡಿ. ಎಷ್ಟು ಸಲ ಓದಿದಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಂದ ಅಂಕಿ ನಿಮಗೆ ಇಷ್ಟವಾಗದಿದ್ದರೂ ಅಳಿಸಬೇಡಿ. ಅದು ಇನ್ನೊಬ್ಬರ ಪ್ರಶ್ನೆಗೆ ಉತ್ತರ ಆಗಿರಬಹುದು.

– 10ನೇ ತರಗತಿ ವಿದ್ಯಾರ್ಥಿನಿ